ಗೆದ್ದಲು ಓದಿದ ಪುಸ್ತಕ

ದಾಂಡೇಲಿಯಿಂದ ಅಂಬಿಕಾನಗರಕ್ಕೆ ಹೋಗುವ ಹಾದಿಯಲ್ಲಿ ಕುಳಗಿ ಎಂಬ ಗ್ರಾಮವುಂಟು. ಸುತ್ತಲೂ ತೇಗ, ಮತ್ತಿ, ಬಿದಿರುಗಳ ಅಡವಿ. ಅಧ್ಯಾಪನದಿಂದ ನಿವೃತ್ತರಾದ ಮೇಲೆ ನಾವು ಇಲ್ಲಿ ನೆಲಸಿರುವೆವು. ಕಳೆದ ವರ್ಷ ಮಳೆ ಹಿಂದೆಗೆದು ಬಿಸಿಲು ಬಿದ್ದೊಡನೆ, ಪುಸ್ತಕಗಳನ್ನು ಒಣಗಿಸಬೇಕೆಂದು ಮೂಲೆಯಲ್ಲಿದ್ದ ತೇಗದ ಪೆಟ್ಟಿಗೆಯನ್ನು ತೆರೆದೆವು. ಮುಚ್ಚಳವನ್ನೆತ್ತುತ್ತಲೇ ಹಸಿಮಣ್ಣಿನ ವಾಸನೆ ಬಂದಿತು. ನಮ್ಮ ತೀರ್ಥರೂಪರು ರಘುವಂಶಕ್ಕೆ ಕನ್ನಡದಲ್ಲಿ ಬರೆದಿಟ್ಟಿದ್ದ ಟಿಪ್ಪಣಿಯ ನಾಲ್ಕು ಹೊತ್ತಿಗೆಗಳಲ್ಲಿ ಮೂರು ಮಣ್ಣುಪಾಲಾಗಿದ್ದುವು. ಹೊರಗಿನ ರಟ್ಟು ನೋಡುವುದಕ್ಕೆ ನೆಟ್ಟಗಿತ್ತು. ತೆರೆದರೆ ಅಕ್ಷರಗಳಿದ್ದ ಸ್ಥಳದಲ್ಲಿ ಗೆದ್ದಲಿನ ಕೊಳವೆಗಳು.

ಆ ದಿನ ನಮಗೆ ಅನ್ನ ರುಚಿಸಲಿಲ್ಲ. ನೆರೆಮನೆಯವರು, “ಮಾಸ್ತರರೇ, ಹಿತ್ತಲಿನ ಹುತ್ತವನ್ನು ಅಗೆಸಿ ವಿಷ ಹೊಯ್ಯಿಸಿಬಿಡಿ” ಎಂದರು. ನಾವು ಸಮ್ಮತಿಸಿದೆವು. ಮರುದಿನ ಗುದ್ದಲಿ ಹಿಡಿದು ಹುತ್ತದ ಒಂದು ಮಗ್ಗುಲನ್ನು ಕೆಡವುತ್ತಿರುವಾಗ, ಹಾಲು ತಂದ ಗೌಳಿ ಮುದುಕಿಯು ನಿಂತು ನೋಡಿ, “ಬ್ಯಾಡ್ರಿ ಮಾಸ್ತರ್ರ. ಮಳೆಗಾಲದಾಗ ನೀವು ಉಂಡ ಅಣಬಿ ಇದರದಽ ಅಲ್ಲೇನ್ರಿ?” ಎಂದಳು. ನಮ್ಮ ಕೈ ನಿಂತಿತು.

ಕೆಡವಿದ ಮಗ್ಗುಲಲ್ಲಿ ಸುಕ್ಕುಸುಕ್ಕಾದ ಸ್ಪಂಜಿನಂತಹ ಒಂದು ಮುದ್ದೆ ಇದ್ದಿತು. ಅದರ ಮೇಲೆ ಸಾಬೂದಾಣಿಯಂತಹ ಬಿಳಿಯ ಗುಂಡುಗಳು. ಅದು ಗೆದ್ದಲುಗಳ ತೋಟವೆಂಬುದನ್ನು ನಾವು ಆಮೇಲೆ ಓದಿ ತಿಳಿದೆವು. ಅವು ಮರ, ತರಗು, ಕಾಗದಗಳನ್ನು ಕಡಿದು ತಂದು, ತಮ್ಮ ಹೊಟ್ಟೆಯ ಮೂಲಕ ಹಾಯಿಸಿ ಅಲ್ಲಿ ಒಟ್ಟುವುವು. ಅದರ ಮೇಲೆ ಟರ್ಮಿಟೊಮೈಸಿಸ್ ಎಂಬ ಶಿಲೀಂಧ್ರ ಬೆಳೆಯುವುದು. ಗೆದ್ದಲಿಗೆ ಅರಗದುದನ್ನು ಶಿಲೀಂಧ್ರವು ಅರಗಿಸಿಕೊಡುವುದು. ಗೆದ್ದಲು ಅದನ್ನು ಉಣ್ಣುವುದು. ಮಳೆಗಾಲದಲ್ಲಿ ಅದೇ ಶಿಲೀಂಧ್ರವು ಮೇಲೆದ್ದು ಅಣಬೆಯಾಗಿ ನಮ್ಮ ಎಲೆಗೂ ಬರುವುದು.

ಸಸ್ಯದ ಒಡಲು ನಮ್ಮ ಊರಿನ ತಟ್ಟಿಗೋಡೆಯಂತೆ. ಬಿದಿರಿನ ದಬ್ಬೆಗಳ ಸ್ಥಾನದಲ್ಲಿ ಸೆಲ್ಯುಲೋಸ್. ದಬ್ಬೆಗಳನ್ನು ಬಿಗಿಯುವ ಹುರಿಯಂತೆ ಹೆಮಿಸೆಲ್ಯುಲೋಸ್. ಮೇಲೆ ಮೆತ್ತಿದ ಮಣ್ಣಿನಂತೆ ಲಿಗ್ನಿನ್. ಸೆಲ್ಯುಲೋಸ್ ಎಂಬುದು ಗ್ಲೂಕೋಸ್ ಮಣಿಗಳನ್ನು ಪೋಣಿಸಿದ ಸರವೇ ಸರಿ. ಅನ್ನದ ಪಿಷ್ಟವೂ ಅದೇ ಮಣಿಗಳಿಂದಾದುದು. ಆದರೆ ಮಣಿಗಳನ್ನು ಕೂಡಿಸಿದ ಗಂಟು ಬೇರೆ; ಆದುದರಿಂದಲೇ ಅಕ್ಕಿ ನಮಗೆ ಅನ್ನ, ಹುಲ್ಲು ನಮಗೆ ಬರಿಯ ನಾರು. ಗೌಳಿಯ ಎಮ್ಮೆಗೂ ಆ ಗಂಟು ಬಿಚ್ಚುವ ವಿದ್ಯೆ ಸ್ವಂತದ್ದಲ್ಲ. ಅದರ ಮೊದಲ ಹೊಟ್ಟೆಯಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು ಹುಲ್ಲನ್ನು ಬಿಚ್ಚಿಕೊಟ್ಟ ಮೇಲೆಯೇ ನಮಗೆ ಹಾಲು.

ಈ ಗಂಟು ಬಿಚ್ಚುವ ವಸ್ತುವಿಗೆ ಕನ್ನಡದಲ್ಲಿ ಕಿಣ್ವವೆಂದು ಹೆಸರು. ಶಬ್ದ ಹಳೆಯದು: ಮದ್ಯವನ್ನು ಹುಳಿಯಿಸಲು ಬೆರೆಸುವ ಪದಾರ್ಥಕ್ಕೆ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೂ ಇದೇ ಹೆಸರುಂಟು. ಸೆಲ್ಯುಲೋಸನ್ನು ಒಡೆಯಲು ಮೂರು ಬಗೆಯ ಕಿಣ್ವಗಳು ಕೂಡಿ ದುಡಿಯುವುವು. ಒಂದು ಸರವನ್ನು ನಡುನಡುವೆ ಕತ್ತರಿಸುವುದು. ಇನ್ನೊಂದು ತುದಿಯಿಂದ ಎರಡೆರಡು ಮಣಿಗಳನ್ನು ಕಳಚುವುದು. ಮೂರನೆಯದು ಆ ಜೋಡಿಯನ್ನು ಬಿಡಿಸಿ ಸಕ್ಕರೆಯಾಗಿಸುವುದು. ಲಿಗ್ನಿನ್ ಇವುಗಳಿಗೆ ಮಣಿಯದು. ಬಿದ್ದ ಮರವನ್ನು ಬಿಳಿಯ ನಾರಾಗಿ ಕೊಳೆಯಿಸುವ ಕೆಲವು ಶಿಲೀಂಧ್ರಗಳಿಗೆ ಮಾತ್ರ ಅದನ್ನು ಚೆನ್ನಾಗಿ ಒಡೆಯುವ ಶಕ್ತಿಯುಂಟು; ಆ ಬಗೆಯ ಒಂದು ಕಿಣ್ವವನ್ನು ವಿಜ್ಞಾನಿಗಳು ಕಂಡುಹಿಡಿದುದು 1983ರಷ್ಟು ಈಚೆಗೆ.

ಎರಡನೆಯ ಮಹಾಯುದ್ಧದಲ್ಲಿ ಪೆಸಿಫಿಕ್ ದ್ವೀಪಗಳಲ್ಲಿದ್ದ ಅಮೇರಿಕದ ಸೈನ್ಯದ ಹತ್ತಿಯ ಡೇರೆಗಳೂ ಬಟ್ಟೆಗಳೂ ಕೊಳೆತು ಹರಿದುಹೋಗುತ್ತಿದ್ದುವು. ಕಾರಣವನ್ನು ಹುಡುಕಹೊರಟವರಿಗೆ ಒಂದು ಬೂಷ್ಟು ದೊರೆಯಿತು. ಅದನ್ನು ಅಭ್ಯಸಿಸಿದ ಎಲ್ವಿನ್ ರೀಸ್ ಎಂಬವರ ಗೌರವಾರ್ಥವಾಗಿ 1977ರಲ್ಲಿ ಅದಕ್ಕೆ ಟ್ರೈಕೊಡರ್ಮ ರೀಸೈ ಎಂದು ಹೆಸರಾಯಿತು. ಅಂದು ಡೇರೆಯನ್ನು ತಿಂದ ಬೂಷ್ಟಿನಿಂದಲೇ ಇಂದು ಕಾರ್ಖಾನೆಗಳಿಗೆ ಬೇಕಾದ ಕಿಣ್ವಗಳನ್ನು ತೆಗೆಯುತ್ತಾರೆ. ಹುಲ್ಲುಕಡ್ಡಿಯಿಂದ ಇಂಧನದ ಮದ್ಯಸಾರವನ್ನು ಮಾಡುವುದಕ್ಕೂ ಅವು ಬರುತ್ತವೆ.

ಇಷ್ಟು ಓದಿದ ಮೇಲೆ ನಮಗೆ ಒಂದು ವಿಷಯ ಹೊಳೆಯಿತು. ದಾಂಡೇಲಿಯಲ್ಲಿ 1955ರಲ್ಲಿ ಸ್ಥಾಪಿತವಾದ ಕಾಗದದ ಗಿರಣಿಯುಂಟು. ಇಂತಹ ಗಿರಣಿಗಳಲ್ಲಿ ಮರದ ಚಕ್ಕೆಗಳನ್ನು ಕ್ಷಾರದ್ರವದೊಡನೆ ಸುಮಾರು 160–170 ಡಿಗ್ರಿ ಶಾಖದಲ್ಲಿ ಬೇಯಿಸಿ ಲಿಗ್ನಿನ್ನನ್ನು ಕರಗಿಸಿ ತೆಗೆಯುತ್ತಾರೆ. ಉಳಿಯುವುದು ಸೆಲ್ಯುಲೋಸ್, ಅದೇ ಕಾಗದ. ಎಂದಮೇಲೆ ನಮ್ಮ ಹೊತ್ತಿಗೆಗಳು ಗೆದ್ದಲಿಗೆ ಬೇಯಿಸಿ ಬಡಿಸಿಟ್ಟ ಅನ್ನವೇ ಆಗಿದ್ದುವು! ತೇಗದ ಪೆಟ್ಟಿಗೆಯನ್ನು ಅವು ಮುಟ್ಟದೆ, ಹಲಗೆಗಳ ಸಂದಿನಿಂದ ನುಸುಳಿದ್ದುವು. ಮಣ್ಣಿನ ನೆಲದ ಮೇಲೆ, ಗೋಡೆಗೆ ಒರಗಿಸಿ, ನಾಲ್ಕು ತಿಂಗಳು ತೆರೆಯದೆ ಇಟ್ಟವರು ನಾವು. ಇದರಲ್ಲಿ ಗೆದ್ದಲಿನ ಅಪರಾಧವೆಷ್ಟು, ನಮ್ಮದೆಷ್ಟು?

ನಿಜವಾದ ಅಪರಾಧ ಇನ್ನೂ ಹಳೆಯದು. ತೀರ್ಥರೂಪರು ತೀರಿಕೊಂಡಾಗಲೇ ಆ ಟಿಪ್ಪಣಿಯನ್ನು ಪ್ರತಿಮಾಡಬೇಕೆಂದು ಎಣಿಸಿದ್ದೆವು. ‘ರಜೆ ಬರಲಿ’ ಎಂದು ಮೂವತ್ತು ವರ್ಷ ಕಳೆದೆವು. ನಮ್ಮ ಪೂರ್ವಿಕರಿಗೂ ಗೆದ್ದಲು ಇದ್ದಿತು, ಹುಳ ಇದ್ದಿತು. ಓಲೆ ಸವೆಯುವ ಮುನ್ನ ಮತ್ತೊಂದು ಓಲೆಗೆ ಬರೆಯುವ ಕೈಯೂ ಇದ್ದಿತು. ಆದುದರಿಂದಲೇ ಗ್ರಂಥಗಳು ನಮ್ಮವರೆಗೆ ಬಂದುವು. ನಡುವೆ ನಿಂತುಹೋದುದು ನಮ್ಮ ಕೈ.

ಹುತ್ತಕ್ಕೆ ನಾವು ವಿಷ ಹೊಯ್ಯಲಿಲ್ಲ. ಅದು ಮತ್ತು ಅದರಂತಹ ಅಸಂಖ್ಯ ಜೀವಿಗಳು ದುಡಿಯದಿದ್ದರೆ ಈ ಅಡವಿಯ ತರಗು ಮಣ್ಣಾಗದು, ಮಣ್ಣಿಲ್ಲದೆ ಮತ್ತೆ ಚಿಗುರು ಬಾರದು. ಪೆಟ್ಟಿಗೆಯನ್ನು ಗೋಡೆಯಿಂದ ಒಂದು ಮೊಳ ದೂರ, ಕಲ್ಲುಗಳ ಮೇಲೆ ಇರಿಸಿ, ತಿಂಗಳಿಗೊಮ್ಮೆ ತೆರೆದು ನೋಡುತ್ತಿರುವೆವು. ಅಂಗಳದ ತರಗನ್ನು ಸುಡುವುದನ್ನು ಬಿಟ್ಟು, ಸಗಣಿಯೊಡನೆ ಗುಂಡಿಗೆ ಹಾಕುತ್ತಿರುವೆವು.

ಉಳಿದ ನಾಲ್ಕನೆಯ ಹೊತ್ತಿಗೆಯನ್ನು ದಿನಕ್ಕೆ ಎರಡು ಪುಟದಂತೆ ಪ್ರತಿಮಾಡುತ್ತಿರುವೆವು. ಬರೆಯುತ್ತಿರುವಾಗ, ಹೋದ ಮೂರರಲ್ಲಿದ್ದ ಒಂದೊಂದು ಮಾತು, ಬಾಲ್ಯದಲ್ಲಿ ಅವರ ಬಾಯಿಂದ ಕೇಳಿದ್ದು, ನೆನಪಿಗೆ ಬರುತ್ತದೆ. ಅದನ್ನೂ ಬದಿಯಲ್ಲಿ ಬರೆದಿಡುತ್ತೇವೆ. ವಾಚಕರ ಮನೆಯಲ್ಲಿಯೂ ಹಿರಿಯರ ಕೈಬರಹವಿದ್ದರೆ, ಇಂದೇ ಒಮ್ಮೆ ಪೆಟ್ಟಿಗೆಯನ್ನು ತೆರೆದು ನೋಡಬೇಕೆಂದು ನಮ್ಮ ಬಿನ್ನಹ.