ಬೇಡಿ ಮನಿಯವರು

ನಮ್ಮ ಮನೆತನಕ್ಕೆ ಊರಲ್ಲಿ ಬೇಡಿ ಮನಿಯವರು ಅನ್ನುತ್ತಾರೆ. ರೇಶನ್ ಕಾರ್ಡಿನಲ್ಲಿ, ಆಧಾರದಲ್ಲಿ ಇರುವ ಅಡ್ಡಹೆಸರು ಬೇರೆ. ಆದರೆ ಹೊರಗಿನವರು ಎಸ್‌ಟಿ ಬಸ್ಸಿನಿಂದ ಇಳಿದು ಮಾಸ್ತರ ಮನೆ ಎಲ್ಲಿ ಎಂದು ಕೇಳಿದರೆ, "ಬೇಡಿಯವರ ಮನಿ ಹೌದಲ್ರಿ?" ಎಂದೇ ದಾರಿ ತೋರಿಸುತ್ತಾರೆ. ಬೇಡಿ ಅಂದರೆ ಕೈಕಾಲಿಗೆ ಹಾಕುವ ಬೇಡಿಯೇ. ನನ್ನ ಮುತ್ತಜ್ಜ ಜೇಲಿಗೆ ಹೋಗಿ ಬಂದವನು. ಅಷ್ಟರ ಮಟ್ಟಿಗೆ ಎಲ್ಲರದೂ ಒಪ್ಪಿಗೆ. ಯಾಕೆ ಹೋಗಿದ್ದ ಅನ್ನುವುದರಲ್ಲಿ ಮಾತ್ರ ಎರಡು ಪಾರ್ಟಿ.

ಒಂದು ಪಾರ್ಟಿಗೆ ನಮ್ಮ ಕಾಕಾ ಮುಖಂಡರು. ಅವರ ಪ್ರಕಾರ ಮುತ್ತಜ್ಜ 1930ರ ಮಾರ್ಷಲ್ ಲಾ ಕಾಲದಲ್ಲಿ ಸಿಕ್ಕಿಬಿದ್ದ ದೇಶಭಕ್ತ. ಇನ್ನೊಂದು ಪಾರ್ಟಿ ಊರಿನ ಕಟ್ಟೆಯದು. ಅವರು ನಮ್ಮೆದುರು ಏನೂ ಅನ್ನುವುದಿಲ್ಲ, ಹಿಂದಿನಿಂದ ದರೋಡೆಖೋರ ಅನ್ನುತ್ತಾರೆ.

ಸೋಲಾಪುರದ ಮಾರ್ಷಲ್ ಲಾ ಬಗ್ಗೆ ನಮ್ಮ ಭಾಗದ ಓದುಗರಿಗೆ ನಾನು ಹೇಳಬೇಕಾಗಿಲ್ಲ, ಆದರೂ ಕರ್ನಾಟಕದ ಮಿತ್ರರಿಗಾಗಿ ಎರಡು ಮಾತು. ಗಾಂಧೀಜಿಯವರ ಬಂಧನದ ನಂತರ 1930ರ ಮೇ 8ಕ್ಕೆ ಸೋಲಾಪುರದಲ್ಲಿ ಗೋಲಿಬಾರ್ ಆಯಿತು. ಜನ ಸಿಟ್ಟಿಗೆದ್ದು ಪೊಲೀಸ್ ಚೌಕಿಗಳಿಗೆ, ಕೋರ್ಟಿಗೆ ಬೆಂಕಿ ಹಚ್ಚಿದರು. ಮುಂದೆ ಮೂರು ದಿನ ಊರಲ್ಲಿ ಬ್ರಿಟಿಷರ ಆಡಳಿತವೇ ಇರಲಿಲ್ಲ. ಮೇ 12ರ ರಾತ್ರಿ ಬಂದ ಮಾರ್ಷಲ್ ಲಾ ಜೂನ್ 30ರವರೆಗೆ ನಡೆಯಿತು. ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ ಈ ನಾಲ್ವರನ್ನು 1931ರ ಜನೆವರಿ 12ರಂದು ಪುಣೆಯ ಯರವಡಾ ಜೇಲಿನಲ್ಲಿ ಗಲ್ಲಿಗೇರಿಸಿದರು. ಸೋಲಾಪುರದ ಹುತಾತ್ಮಾ ಚೌಕಿನಲ್ಲಿ ನಿಂತ ನಾಲ್ಕು ಪುತ್ಥಳಿ ಇವರವೇ.

ಪ್ರತಿ ಜನೆವರಿ 12ಕ್ಕೆ ಶಾಲೆಯಲ್ಲಿ ನಾವು ಸಣ್ಣ ಕಾರ್ಯಕ್ರಮ ಮಾಡುತ್ತೇವೆ. ಆ ಸಲ ಊರಿನ ಕೆಲವು ಹಿರಿಯರು ಕೂಡಿ ಶಾಲೆಯ ಗೋಡೆಗೆ ಒಂದು ಫಲಕ ಹಾಕಿಸುವುದು ಎಂದು ಠರಾವು ಮಾಡಿದರು. ಮೇಲೆ ನಾಲ್ವರು ಹುತಾತ್ಮರ ಹೆಸರು, ಕೆಳಗೆ ನಮ್ಮೂರಿನ ಸ್ವಾತಂತ್ರ್ಯ ಸೈನಿಕ ಎಂದು ಮುತ್ತಜ್ಜನ ಹೆಸರು. ಖರ್ಚು ಕಾಕಾನದು. ಕಲ್ಲು ಕೂಡ ತರಿಸಿಯಾಗಿತ್ತು. ಕನ್ನಡ ಒಕ್ಕಣೆ ಬರೆದುಕೊಡುವುದು ನನ್ನ ಪಾಲಿಗೆ ಬಂತು. ಮಕ್ಕಳು ದಿನಾ ಓದುವ ಗೋಡೆಯ ಮೇಲೆ ಬರೆಯುವ ಮೊದಲು ಒಮ್ಮೆ ಕಾಗದ ನೋಡಬೇಕು ಅಂತ ನಾನು ಹಟ ಹಿಡಿದೆ. ಕಾಕಾ ಸಂತೋಷದಿಂದಲೇ ಒಪ್ಪಿದರು. ಅವರಿಗೆ ಸಂಶಯ ಇರಲೇ ಇಲ್ಲ.

ನಮ್ಮ ಕಡೆ ಹಳೆಯ ಕಾಗದ ಹುಡುಕುವವರು ಮೊದಲು ತಿಳಿಯಬೇಕಾದದ್ದು ಊರು ಆಗ ಯಾರ ಕೈಯಲ್ಲಿತ್ತು ಅನ್ನುವುದು. ಅಕ್ಕಲಕೋಟ ಮತ್ತು ಜತ್ತ 1948ರವರೆಗೆ ಸಂಸ್ಥಾನ. ಸಂಸ್ಥಾನದ ಹಳ್ಳಿಯ ಖಟ್ಲೆ ಬ್ರಿಟಿಷರ ಸೋಲಾಪುರದ ದಫ್ತರಿನಲ್ಲಿ ಎಷ್ಟು ಹುಡುಕಿದರೂ ಸಿಗಲಿಕ್ಕಿಲ್ಲ. ನಮ್ಮೂರು ಹಳ್ಳದ ಈಚೆ, ಅಂದರೆ ಬ್ರಿಟಿಷರ ಮುಲ್ಕಿನಲ್ಲಿ. ಹಾಗಾಗಿ ಸೋಲಾಪುರವೇ ಗತಿ. ಆದರೆ ಕೋರ್ಟಿಗೇ ಬೆಂಕಿ ಬಿದ್ದ ಊರಲ್ಲಿ ಅದಕ್ಕೂ ಹಿಂದಿನ ತೀರ್ಪು ಸಿಕ್ಕೀತೆಂದು ಹೊರಡುವುದರಲ್ಲಿ ಅರ್ಥವಿರಲಿಲ್ಲ. ಹಳ್ಳಿಯ ಮಟ್ಟದಲ್ಲಿ ಉಳಿಯುವ ಕಾಗದ ಮೂರು. ಹುಟ್ಟು ಸಾವು ಬರೆದ ಕೋತವಾಲ್ ಬುಕ್, ಶಾಲೆಯ ಜನರಲ್ ರಜಿಸ್ಟರ್, ಹೊಲದ ಫೇರಫಾರ್.

ಕೋತವಾಲ್ ಬುಕ್ಕಿನಲ್ಲಿ ಏನೂ ಸಿಗಲಿಲ್ಲ, ಪುಟಗಳು ಗೆದ್ದಲಿಗೆ ಹೋಗಿದ್ದವು. ಜನರಲ್ ರಜಿಸ್ಟರ್ ನಮ್ಮ ಶಾಲೆಯ ಕಪಾಟಿನಲ್ಲೇ ಇದೆ. ಎಷ್ಟೋ ಜನರಿಗೆ ಅದರಿಂದ ಉತಾರಾ ತೆಗೆದುಕೊಟ್ಟಿದ್ದೇನೆ, ನಮ್ಮ ಮನೆಯದನ್ನು ಮಾತ್ರ ಎಂದೂ ತೆರೆದು ನೋಡಿರಲಿಲ್ಲ. 1920ರಲ್ಲಿ ನನ್ನ ಅಜ್ಜನ ಹೆಸರು ದಾಖಲಾಗಿದೆ, ವಯಸ್ಸು ಏಳು. ಪಾಲಕರ ಹೆಸರು ಎಂಬ ಮನೆಯಲ್ಲಿ ಅವನ ಅಪ್ಪನ ಹೆಸರಿಲ್ಲ, ಸೋದರಮಾವನದು ಇದೆ. ಪಾಲಕರ ಧಂದೆ: ಒಕ್ಕಲುತನ. ಆ ಕಾಲದ ರಜಿಸ್ಟರಿನಲ್ಲಿ ಅಪ್ಪ ಜೀವಂತ ಇರುವ ಹುಡುಗನಿಗೆ ಮಾವನನ್ನು ಪಾಲಕ ಎಂದು ಬರೆದದ್ದು ನಾನು ಬೇರೆ ಎಲ್ಲೂ ನೋಡಿಲ್ಲ. ಮುತ್ತಜ್ಜ ತೀರಿಕೊಂಡದ್ದು ಸ್ವಾತಂತ್ರ್ಯ ಬಂದ ಮೇಲೆ. ಹಾಗಾದರೆ 1920ರಲ್ಲಿ ಅವನು ಎಲ್ಲಿದ್ದ?

ಫೇರಫಾರ್ ತೆಗೆಸಿದರೆ ಅದೆಲ್ಲ ಮೋಡಿ ಲಿಪಿ. ಕನ್ನಡದಲ್ಲಿ ಮೋಡಿ ಅಂದರೆ ಮಾಟ. ಕಾಗದ ನೋಡಿದವರಿಗೆ ಹೆಸರು ಸರಿಯಾಗಿಯೇ ಇದೆ ಅನ್ನಿಸುತ್ತದೆ! ಲೇಖಣಿ ಎತ್ತದೆ ಒಂದೇ ಓಟದಲ್ಲಿ ಬರೆದ ಅಕ್ಷರಗಳು, ಶಬ್ದ ಎಲ್ಲಿ ಮುಗಿಯಿತೋ ತಿಳಿಯುವುದಿಲ್ಲ. ಇದನ್ನು ಓದುವವರು ಈಗ ಭಾಗ್ಯವಂತರು. 2023ರಲ್ಲಿ ಕುಣಬಿ ನೋಂದಣಿ ಹುಡುಕಲು ಸರಕಾರ ಸಮಿತಿ ಮಾಡಿದ ಮೇಲೆ ಮಹಾರಾಷ್ಟ್ರದಲ್ಲೆಲ್ಲ ಮೋಡಿ ಓದುವವರಿಗೆ ಎಲ್ಲಿಲ್ಲದ ಬೇಡಿಕೆ ಬಂತು. ನನಗೆ ಸಿಕ್ಕವರು ನಿವೃತ್ತ ಮರಾಠಿ ಮಾಸ್ತರರು. ಫೀ ಕೇಳಿದರೆ "ನಿಮ್ಮ ಕನ್ನಡ ಮಂದಿಯ ಖಡಕ್ ರೊಟ್ಟಿ ತನ್ನಿರಿ" ಅಂದರು. ಐವತ್ತು ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೋದೆ.

ಅವರು ಬೂದುಗಾಜು ಹಿಡಿದು ನಿಧಾನವಾಗಿ ಓದಿದರು. 1919ರ ನೋಂದು. ಖಾತೇದಾರನಿಗೆ ಕಲಂ 395ರ ಪ್ರಕಾರ ಶಿಕ್ಷೆಯಾಗಿ ಜೇಲಿನಲ್ಲಿರುವ ಕಾರಣ ಹೊಲದ ವಹಿವಾಟಿಗೆ ಹೆಂಡತಿಯ ಹೆಸರು ಹಚ್ಚಿದೆ. ಅದರ ಕೆಳಗೆ ಇನ್ನೊಂದು: ಜ್ವಾರಿ ಹಗೇವಿನ ನುಕಸಾನಿ ಬಾಬತ್ತು ನಾಲ್ಕು ಎಕರೆ ಗಹಾಣ. ಮೂರನೆಯದು 1922ರದು, ಖಾತೇದಾರ ಮರಳಿ ಬಂದಿದ್ದಾನೆ, ಹೆಸರು ಮತ್ತೆ ಹಚ್ಚಿದೆ.

ಕಲಂ 395 ಅಂದರೆ ದರೋಡೆ. ಕಟ್ಟೆಯವರು ಹೇಳಿದ್ದು ಕಾನೂನಿನ ಪ್ರಕಾರ ಖರೆ. ಆದರೆ ಕಾನೂನಿನಲ್ಲಿ ದರೋಡೆ ಆಗಲಿಕ್ಕೆ ಕುದುರೆ, ಬಂದೂಕು, ಮುಸುಕು ಏನೂ ಬೇಕಿಲ್ಲ. 1860ರ ದಂಡ ಸಂಹಿತೆಯಲ್ಲಿ ಐದು ಅಥವಾ ಹೆಚ್ಚು ಜನ ಕೂಡಿ ಸುಲಿಗೆ ಮಾಡಿದರೆ ಅದು ದರೋಡೆ. ನಾಲ್ವರಾದರೆ ಬರೀ ಸುಲಿಗೆ. ಸಂಹಿತೆಯ ಹೆಸರು 2024ರ ಜುಲೈಯಲ್ಲಿ ಬದಲಾಯಿತು, ಐದರ ಲೆಕ್ಕ ಬದಲಾಗಲಿಲ್ಲ. ಹಗೇವು ಅಂದರೆ ಏನು ಅಂತ ನನ್ನ ವರ್ಗದ ಮಕ್ಕಳಿಗೆ ಈಗ ಚಿತ್ರ ಬರೆದು ತೋರಿಸಬೇಕು. ನೆಲದಲ್ಲಿ ಆಳವಾಗಿ ಅಗೆದು, ಒಳಗೆ ಹುಲ್ಲು ಹಾಸಿ, ಜೋಳ ತುಂಬಿ ಮೇಲೆ ಬಾಯಿ ಮುಚ್ಚಿದ ಕಣಜ. ಮುಚ್ಚಿದ ಹಗೇವು ತೆಗೆಯಲಿಕ್ಕೆ ಒಬ್ಬನಿಂದ ಆಗುವುದಿಲ್ಲ. ಒಳಗಿನ ಗಾಳಿ ಹೊರಗೆ ಹೋಗುವತನಕ ಕಾಯಬೇಕು, ಇಳಿದವನನ್ನು ಹಗ್ಗದಿಂದ ಎತ್ತುವವರು ಬೇಕು. ಐದು ಜನ ಆಗಿಯೇ ಆಗುತ್ತಾರೆ.

ವರ್ಷ ನೋಡಿರಿ. 1918ರಲ್ಲಿ ಮಳೆ ಕೈಕೊಟ್ಟಿತು. ಅದೇ ವರ್ಷ ಇನ್‌ಫ್ಲುಯೆಂಜಾ ಬಂದು ಮನೆಮನೆಯಲ್ಲಿ ಹೆಣ ಬಿದ್ದವು. ಯುದ್ಧದಿಂದ ಧಾರಣಿ ಮೊದಲೇ ಏರಿತ್ತು. ಮುಂಬಯಿ ಇಲಾಖೆಯಲ್ಲಿ ಎಷ್ಟೋ ಕಡೆ ಆಗ ಧಾನ್ಯದ ಅಂಗಡಿ ಲೂಟಿಯಾದವು. ಹಾಗಂತ ನಾನು ಮುತ್ತಜ್ಜನ ವಕೀಲನಾಗಲು ಹೊರಟಿಲ್ಲ. ಹಗೇವಿನ ಮಾಲೀಕನೂ ಆ ಬರದಲ್ಲಿ ಮಕ್ಕಳನ್ನು ಸಾಕಬೇಕಾದವನೇ ಇದ್ದಿರಬೇಕು.

ಉಳಿದದ್ದು ನಮ್ಮ ಅತ್ತೆಯ ಬಾಯಿಂದ ಬಂತು. ಅಪ್ಪನ ತಂಗಿ, ಇಂಡಿ ತಾಲೂಕಿಗೆ ಕೊಟ್ಟವರು. ನಾನು ಕಾಗದ ಓದಿ ಹೇಳಿದಾಗ ಅವರಿಗೆ ಆಶ್ಚರ್ಯವೇ ಆಗಲಿಲ್ಲ.

"ಇದಕ್ಕ ಇಷ್ಟ್ ದೂರ ತಿರುಗಿದೇನೋ ತಮ್ಮಾ? ನನಗ ಕೇಳಿದ್ರ ಹೇಳ್ತಿದ್ದೆ."

1972ರಲ್ಲಿ ಕೇಂದ್ರ ಸರಕಾರ ಸ್ವಾತಂತ್ರ್ಯ ಯೋಧರಿಗೆ ಪಿಂಚಣಿ ಯೋಜನೆ ತಂದಿತು. ಆರು ತಿಂಗಳ ಜೇಲು ಆಗಿರಬೇಕು, ತೀರಿಕೊಂಡಿದ್ದರೆ ಹೆಂಡತಿಗೆ ಕೊಡುತ್ತಿದ್ದರು. ಮಹಾರಾಷ್ಟ್ರದಲ್ಲಿ ಅದು ದೊಡ್ಡ ಬರದ ವರ್ಷ. ನಮ್ಮ ಮನೆಯವರೆಲ್ಲ ರಸ್ತೆಯ ಮೇಲೆ ಖಡಿ ಒಡೆಯಲು ಹೋಗುತ್ತಿದ್ದರು. ಆಗ ಊರಿನ ಮುಖಂಡನೊಬ್ಬ ಫಾರ್ಮ್ ಹಿಡಿದುಕೊಂಡು ಬಂದನಂತೆ. ಜೊತೆಗೆ ಜೇಲಿನಲ್ಲಿದ್ದೆವು ಎಂದು ಬರೆದುಕೊಡುವವರನ್ನೂ ಹೊಂದಿಸಿದ್ದನಂತೆ. ಮುತ್ತಜ್ಜಿಗೆ ಎಂಬತ್ತರ ಹತ್ತಿರ ವಯಸ್ಸು, ಹೆಬ್ಬೆಟ್ಟು ಒತ್ತಿದರೆ ಸಾಕಿತ್ತು. ಮಸಿ ಡಬ್ಬಿ ಮುಂದಿಟ್ಟರೆ ಆಕೆ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳಂತೆ.

"ಅವ ಜ್ವಾಳಕ್ಕ ಹೋಗಿದ್ದ, ಝೆಂಡಾಕ್ಕಲ್ಲ. ಹೊಟ್ಟಿಗಿ ಇದ್ದಿದ್ದಿಲ್ಲ, ಹೋಗಿದ್ದ. ನಾನs ಚೀಲ ಹೊಲದು ಕೊಟ್ಟಿದ್ದೆ" ಅಂದಳಂತೆ.

ಅತ್ತೆ ಆಗ ಹದಿನೈದರ ಹುಡುಗಿ, ಬಾಗಿಲಲ್ಲಿ ನಿಂತು ಕೇಳಿದ್ದು. ಕಾಕಾ ಸೋಲಾಪುರದಲ್ಲಿ ಮಿಲ್ಲಿಗೆ ಹೋಗುತ್ತಿದ್ದರು, ಆ ದಿನ ಮನೆಯಲ್ಲಿರಲಿಲ್ಲ. ಮುತ್ತಜ್ಜಿ ಮರುದಿನ ಬುಟ್ಟಿ ಹೊತ್ತು ಖಡಿ ಕೆಲಸಕ್ಕೆ ತಾನೂ ಹೊರಟು ನಿಂತಿದ್ದಳಂತೆ, ಮಕ್ಕಳು ತಡೆದರು.

ಇದೇ ದಿನಗಳಲ್ಲಿ ನಡೆದ ಇನ್ನೊಂದು ಮಾತು ಹೇಳದೆ ಇರಲಾರೆ. ನನ್ನ ವರ್ಗದ ಒಬ್ಬ ಹುಡುಗನ ತಂದೆ ಜಾತಿ ಪ್ರಮಾಣಪತ್ರಕ್ಕೆ ಪುರಾವೆ ಹುಡುಕುತ್ತ ಶಾಲೆಗೆ ಬಂದ. ಅವನ ಹಿರಿಯರು ಸೋಲಾಪುರದ ಸೆಟಲ್‌ಮೆಂಟಿನಲ್ಲಿ ಇದ್ದವರು. 1871ರ ಕಾಯಿದೆ ಎಷ್ಟೋ ಜಾತಿಗಳನ್ನು ಹುಟ್ಟಿನಿಂದಲೇ ಗುನ್ಹೇಗಾರರು ಎಂದು ಬರೆಯಿತು. 1911ರ ನಂತರ ಅದು ನಮ್ಮ ಮುಂಬಯಿ ಇಲಾಖೆಗೂ ಬಂತು. ತಂತಿ ಬೇಲಿಯೊಳಗೆ ವಸತಿ, ಹೊತ್ತು ಹೊತ್ತಿಗೆ ಹಾಜರಿ, ಊರಿಗೆ ಹೋಗಬೇಕಾದರೆ ಪಾಸು. ದೇಶದಲ್ಲೆಲ್ಲ ಅದು ರದ್ದಾದದ್ದು 1952ರ ಆಗಸ್ಟ್ 31ಕ್ಕೆ. ವಿಮುಕ್ತ ಜಾತಿಯ ಪ್ರಮಾಣಪತ್ರ ಬೇಕಾದರೆ 1961ರ ಹಿಂದಿನ ಕಾಗದ ತೋರಿಸಬೇಕು. ಆ ಮನುಷ್ಯ ತನ್ನ ಅಜ್ಜನ ಹೆಸರು ಪೊಲೀಸರ ಹಾಜರಿ ಪಟ್ಟಿಯಲ್ಲಿ ಎಲ್ಲಾದರೂ ಸಿಗಲಿ ಎಂದು ದೇವರಿಗೆ ಹರಕೆ ಹೊತ್ತಿದ್ದ. ಅವನ ಅಜ್ಜ ಯಾರ ಹಗೇವನ್ನೂ ತೆಗೆದವನಲ್ಲ. ಆದರೂ ವರ್ಗದಲ್ಲಿ ಪೆನ್ನು ಕಳೆದರೆ ಹುಡುಗರು ಮೊದಲು ನೋಡುವುದು ಈ ಹುಡುಗನ ದಫ್ತರವನ್ನು. ಗುನ್ಹೆ ಶಾಬೀತಾದ ನಮ್ಮ ಮನೆಯವರಿಗೆ ಮಾತ್ರ ಗೋಡೆಯ ಮೇಲೆ ಕಲ್ಲು!

ಫಲಕದ ಒಕ್ಕಣೆಯಲ್ಲಿ ನಾನು ನಾಲ್ಕೇ ಹೆಸರು ಬರೆದುಕೊಟ್ಟೆ. ಹಿರಿಯರು ಗೊಣಗಿದರು, "ಯಾರ್ ಕೇಳ್ತಾರ್ರಿ ಮಾಸ್ತರ, ಇರವಲ್ದ್ಯಾಕ" ಅಂದರು. ಕಾಕಾ ಕಲ್ಲಿನ ದುಡ್ಡು ಕೊಟ್ಟರು, ಕಾರ್ಯಕ್ರಮಕ್ಕೆ ಬರಲಿಲ್ಲ. ನನ್ನ ಜೊತೆ ಮಾತೂ ಬಿಟ್ಟರು.

ಸಂಕ್ರಾಂತಿಗೆ ನಾನೇ ಎಳ್ಳು ಕೊಡಲು ಹೋದೆ. ಎಳ್ಳು ತೆಗೆದುಕೊಂಡು ಬಹಳ ಹೊತ್ತು ಸುಮ್ಮನೆ ಕೂತರು. ಆಮೇಲೆ ಆ ಫೇರಫಾರ್ ಇನ್ನೊಮ್ಮೆ ಓದು ಅಂದರು. ಫೋನಿನಲ್ಲಿದ್ದ ಫೋಟೋ ತೆಗೆದು, ಮರಾಠಿ ಮಾಸ್ತರರು ಬರೆಸಿದ್ದನ್ನು ಓದಿದೆ.

"ಎಷ್ಟ್ ಚೀಲ ಅಂತ ಬರದಾರೇನು?"

"ಇಲ್ಲ ಕಾಕಾ, ಬರದಿಲ್ಲ."

"ನಾಕ್ ಎಕರೆ ಹೋಯ್ತು ಅಂದಮ್ಯಾಲ ಭಾಳ ಇರಬೇಕು" ಅಂದರು. ಮತ್ತೆ ಒಳಗೆ ನೋಡಿ, ಚಾ ಇಡಲಿಕ್ಕೆ ಹೇಳಿದರು.