ಬೆನ್ನಟ್ಟುವವನ ಕಡಿವಾಣ

ಕಾಳಿದಾಸನ ಶಾಕುಂತಲವು ಒಂದು ಬೆನ್ನಟ್ಟುವಿಕೆಯಿಂದಲೇ ಮೊದಲಾಗುವುದನ್ನು ವಾಚಕರು ಬಲ್ಲರು. ದುಷ್ಯಂತನ ರಥವು ಜಿಂಕೆಯ ಹಿಂದೆ ಧಾವಿಸುತ್ತಿರುತ್ತದೆ. ನೆಲವು ತಗ್ಗುದಿಣ್ಣೆಯಾಗಿದ್ದೆಡೆಯಲ್ಲಿ ಸಾರಥಿಯು ಕಡಿವಾಣವನ್ನು ಬಿಗಿಹಿಡಿದು ವೇಗವನ್ನು ತಗ್ಗಿಸಿರುತ್ತಾನೆ. ಸಮನೆಲವು ಬಂದೊಡನೆ ಸಡಿಲಬಿಡುತ್ತಾನೆ. ಅರಸನು ಬಾಣವನ್ನು ಹೂಡಿದಾಗ ತಪಸ್ವಿಯೊಬ್ಬನು ಅಡ್ಡಬಂದು, ಆ ಮೃಗವು ಆಶ್ರಮಕ್ಕೆ ಸೇರಿದುದೆಂದು ತಡೆಯುತ್ತಾನೆ. ಅರಸನು ವಾದಿಸದೆ ಬಾಣವನ್ನಿಳಿಸುತ್ತಾನೆ. ತಡೆದವನು ರಥದಲ್ಲಿದ್ದವನಲ್ಲ ಎಂಬುದೇ ಇಲ್ಲಿ ಗಮನಿಸತಕ್ಕ ಸಂಗತಿ. ಬೆನ್ನಟ್ಟುವವನಿಗೆ ಓಡುತ್ತಿರುವ ವಸ್ತುವೊಂದೇ ಕಾಣುವುದು. ಸುತ್ತಲಿನದನ್ನು ನೋಡಿ ಸಾಕೆನ್ನುವವನು ಬೇರೊಬ್ಬನಿರಬೇಕು.

2025ರ ಮೇ 26ರಂದು ಮಂಡ್ಯದಲ್ಲಿ ನಡೆದುದು ಬೆನ್ನಟ್ಟುವಿಕೆಯೂ ಅಲ್ಲ, ಬರಿಯ ತಡೆಯುವಿಕೆ. ನಾಯಿ ಕಚ್ಚಿದ್ದ, ಮೂರು ವರ್ಷ ದಾಟಿದ ಹೆಣ್ಣುಕೂಸನ್ನು ತಾಯಿತಂದೆಗಳು ಬೈಕಿನಲ್ಲಿ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದರು. ಹೆಲ್ಮೆಟ್ ತಪಾಸಣೆಗೆಂದು ಪೋಲೀಸಿನವರು ತಡೆದಾಗ ಕೂಸು ರಸ್ತೆಗೆ ಬಿದ್ದು, ಬೇರೊಂದು ವಾಹನಕ್ಕೆ ಸಿಕ್ಕಿ ಅಸುನೀಗಿತು. ಮೂವರು ಎ.ಎಸ್.ಐ.ಗಳು ಅಮಾನತಾದರು. ಹೆಲ್ಮೆಟ್ ಧರಿಸದ ತಪ್ಪಿಗೆ ನಮ್ಮ ರಾಜ್ಯದಲ್ಲಿ ದಂಡವು 500 ರೂಪಾಯಿ. 2018ರಲ್ಲಿ ತಿರುಚಿರಾಪಳ್ಳಿಯ ಬಳಿ ಇಂಥದೇ ತಪ್ಪಿಗಾಗಿ ದಂಪತಿಗಳನ್ನು ಅಟ್ಟಿಸಿಕೊಂಡು ಹೋಗಿ ಬೈಕನ್ನು ಒದ್ದನೆಂಬ ಆರೋಪದ ಮೇಲೆ ಇನ್‌ಸ್ಪೆಕ್ಟರನೊಬ್ಬನು ಬಂಧಿತನಾದನು. ಹೆಂಡತಿಯು ಬಿದ್ದು ಸತ್ತಿದ್ದಳು.

ಮಂಡ್ಯದ ದುರಂತದ ಬಳಿಕ ಕೆಲವೇ ದಿನಗಳಲ್ಲಿ ರಾಜ್ಯದ ಪೋಲೀಸು ಮುಖ್ಯಸ್ಥರಾದ ಎಂ. ಎ. ಸಲೀಂ ಅವರು ಸೂಚನೆಗಳನ್ನು ಹೊರಡಿಸಿದರು. ಕಣ್ಣಿಗೆ ಕಾಣುವ ತಪ್ಪಿಲ್ಲದೆ ಬರಿಯ ಕಾಗದಪತ್ರಗಳಿಗಾಗಿ ವಾಹನವನ್ನು ನಿಲ್ಲಿಸಕೂಡದು, ಹಠಾತ್ತನೆ ರಸ್ತೆಗೆ ನುಗ್ಗಕೂಡದು, ಹಿಂದೆ ಕುಳಿತವರನ್ನು ಎಳೆಯಕೂಡದು, ಕೀಲಿಯನ್ನು ಕಿತ್ತುಕೊಳ್ಳಕೂಡದು, ವೇಗದಿಂದ ಹೋಗುವವನನ್ನು ಬೆನ್ನಟ್ಟದೆ, ಸಂಖ್ಯೆಯನ್ನು ಗುರುತಿಸಿ ನಿಯಂತ್ರಣ ಕೊಠಡಿಗೆ ತಿಳಿಸತಕ್ಕದ್ದು. ಒಳ್ಳೆಯ ಮಾತುಗಳೇ. ಆದರೆ ರಾತ್ರಿಯ ಹೊತ್ತಿನಲ್ಲಿ, ಬೀರೂರಿನ ಆಚೆಯ ಕತ್ತಲೆಯಲ್ಲಿ, ಆ ಕಾಗದವನ್ನು ಯಾರು ಓದಿ ಹೇಳುವರು?

ನಮ್ಮ ಸೀಮೆಯ ರಸ್ತೆಗಳು ಎಂಥವೆಂಬುದನ್ನೂ ನೋಡಬೇಕು. ಕಡೂರು, ಬೀರೂರು, ತರೀಕೆರೆಗಳ ಮೇಲೆ ಹಾಯುವ ಶಿವಮೊಗ್ಗೆಯ ಹೆದ್ದಾರಿಯಲ್ಲಿ ಲಾರಿ ಬಸ್ಸುಗಳಿಗೆ ಬಿಡುವಿಲ್ಲ. ಅಜ್ಜಂಪುರದ ಕಡೆಯ ಹಳ್ಳಿದಾರಿಗಳಲ್ಲಿ ಸುಗ್ಗಿ ಬಂತೆಂದರೆ ರಸ್ತೆಯೇ ಕಣವಾಗಿ, ರಾಗಿಯ ತೆನೆ ಹರಡಿರುತ್ತದೆ. (ಅದೂ ತಪ್ಪೇ, ಆದರೆ ಕಣವಿಲ್ಲದ ರೈತನೇನು ಮಾಡಬೇಕು?) ಸಂಜೆ ದನಗಳು ಮರಳುವ ಹೊತ್ತು ಬೇರೆ. ಅಜ್ಜಂಪುರದ ತಳಿ ಕೇಂದ್ರದಿಂದ ಹೆಸರಾದ ಅಮೃತಮಹಲ್ ದನಗಳು ಹೈದರ್, ಟಿಪ್ಪುಗಳ ಸೈನ್ಯದ ಭಾರವನ್ನೆಳೆದು ವೇಗಕ್ಕೆ ಪ್ರಸಿದ್ಧಿ ಪಡೆದವಾದರೂ, ಜೀಪಿನ ವೇಗಕ್ಕೆ ದಾರಿ ಬಿಟ್ಟುಕೊಡುವುದನ್ನು ಅವು ಕಲಿತಿಲ್ಲ. ಇಂಥಲ್ಲಿ ಹೆದರಿ ಓಡುವ ಹುಡುಗನನ್ನು ಅಟ್ಟಿದರೆ ಅವನು ಮೊದಲು ಸೇರುವುದು ಠಾಣೆಯನ್ನಲ್ಲ.

ಹಾಗಾದರೆ ಅಡಕೆಯ ಮೂಟೆ ಕದ್ದೊಯ್ಯುವವನನ್ನು ಬಿಡಬೇಕೆ? ತೋಟದವರು ಹೀಗೆ ಕೇಳುವುದು ನ್ಯಾಯವೇ. ತರೀಕೆರೆಯಿಂದ ಹೆದ್ದಾರಿಯಲ್ಲಿ ತೆಂಕಣಕ್ಕೆ ಓಡಿದವನು ಬೀರೂರಿನತ್ತಲೇ ಬರಬೇಕು. ಅವನಿಗಿಂತ ಮುಂಚೆ ಸುದ್ದಿಯು ಅಲ್ಲಿಗೆ ತಲಪುವುದು. ಮಗುವನ್ನು ಅಪಹರಿಸಿ ಒಯ್ಯುವಾಗಲೋ, ಕೊಲೆಗಡುಕನು ಇನ್ನೊಬ್ಬನ ಮೇಲೆ ಬೀಳಲಿರುವಾಗಲೋ ಬೆನ್ನಟ್ಟದೆ ಗತ್ಯಂತರವಿಲ್ಲ. ಅಮೆರಿಕೆಯಲ್ಲಿ ಪೋಲೀಸು ಆಡಳಿತವನ್ನು ಅಧ್ಯಯನಮಾಡುವ ಸಂಸ್ಥೆಯೊಂದು 2023ರಲ್ಲಿ ಇದೇ ಎಲ್ಲೆಯನ್ನು ಹಾಕಿತು: ಹಿಂಸಾಪರಾಧವು ನಡೆದಿರಬೇಕು, ಮತ್ತೂ ಅಪಾಯವು ಎದುರಿಗೇ ಇರಬೇಕು. ಹಾಗೆ ಬೆನ್ನಟ್ಟಿದಾಗಲೂ ಬೇಡವೆನ್ನುವ ಅಧಿಕಾರವು ಜೀಪಿನಲ್ಲಿ ಕುಳಿತವನಿಗಲ್ಲ, ನಿಯಂತ್ರಣ ಕೊಠಡಿಯ ಮೇಲಧಿಕಾರಿಗೆ ಇರುವುದು ಲೇಸು. ಅವನು ನಿಲ್ಲಿಸೆಂದರೆ ನಿಲ್ಲಿಸಬೇಕು. ಕಳ್ಳನು ತಪ್ಪಿಸಿಕೊಂಡನೆಂದು ಪೇದೆಯನ್ನು ಆಮೇಲೆ ಹಳಿಯಕೂಡದು. ಈ ಅಭಯವಿಲ್ಲದಿದ್ದರೆ ಸುತ್ತೋಲೆಯಿಂದ ಫಲವಿಲ್ಲ.

ಇನ್ನು ಲೆಕ್ಕ ಕೇಳುವವರಾರು? ರಾಜ್ಯದಲ್ಲಿಯೂ ಜಿಲ್ಲೆಗಳಲ್ಲಿಯೂ ಪೋಲೀಸು ದೂರು ಪ್ರಾಧಿಕಾರಗಳಿರಬೇಕೆಂದು 2006ರಲ್ಲಿ ಪ್ರಕಾಶ್ ಸಿಂಗ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ವಿಧಿಸಿತು. ಆದರೆ ದೂರು ಬರುವುದು ಸತ್ತ ಮೇಲೆ. ಅದಕ್ಕೆ ಮುಂಚೆ ಪ್ರತಿಯೊಂದು ಬೆನ್ನಟ್ಟುವಿಕೆಯನ್ನೂ, ಏತಕ್ಕಾಗಿ, ಯಾರ ಅಪ್ಪಣೆಯಿಂದ, ಎಷ್ಟು ದೂರ, ನಿಲ್ಲಿಸಿದವರಾರು ಎಂಬುದರೊಡನೆ ಆಯಾ ದಿನವೇ ಬರೆದಿಟ್ಟು, ತಿಂಗಳಿಗೊಮ್ಮೆ ಬೇರೆ ಠಾಣೆಯ ಅಧಿಕಾರಿಯು ನೋಡುವಂತಾಗಬೇಕು. ಕಡೂರು, ತರೀಕೆರೆ, ಅಜ್ಜಂಪುರಗಳ ಠಾಣೆಗಳಿಗೆ ಇದಕ್ಕಾಗಿ ಹೊಸ ಕಟ್ಟಡವಾಗಲಿ ಹೊಸ ಜೀಪಾಗಲಿ ಬೇಡ. ಗೆರೆಹಾಕಿದ ಮೂರು ಪುಸ್ತಕಗಳು ಸಾಕು.