ಹಳೆಯ ದಾಸ್ತಾನು, ಹೊಸ ಬೆಲೆ

ಲೋಕವಾರ್ತೆಯನ್ನು ನಾವು ಸಾಮಾನ್ಯವಾಗಿ ಎರಡು ಬಗೆಯಲ್ಲಿ ಓದುತ್ತೇವೆ. ಒಂದು, ಎಲ್ಲಿಯೋ ದೂರದಲ್ಲಿ ನಡೆಯುವ ಕಥೆಯೆಂದು. ಇನ್ನೊಂದು, ಅದರಿಂದ ನಮಗೆ ಬರುವ ಲಾಭ-ನಷ್ಟವೆಷ್ಟೆಂದು. ಮೊದಲನೆಯದು ಕುತೂಹಲ, ಎರಡನೆಯದು ಲೆಕ್ಕಾಚಾರ. ಮೂರನೆಯ ಬಗೆಯೂ ಒಂದುಂಟು. ಈ ವಾರ್ತೆ ಇಂದಿನ ನನ್ನ ನಡತೆಯಿಂದ ಏನನ್ನು ಬೇಡುತ್ತದೆ ಎಂದು ಕೇಳಿಕೊಂಡು ಓದುವುದೇ ಅದು. ನಾಲ್ಕು ದಶಕಗಳಿಂದ ಕಿರಾಣಿ ಹಾಗೂ ಅಡುಗೆ ಎಣ್ಣೆಯ ವ್ಯಾಪಾರದಲ್ಲಿರುವ ನನಗೆ ಈ ಮೂರನೆಯ ಓದಿನ ಅಗತ್ಯವನ್ನು ಮನದಟ್ಟು ಮಾಡಿದ್ದು ಯುಕ್ರೇನಿನ ಯುದ್ಧ.

2022ರ ಫೆಬ್ರವರಿ 24ರಂದು ರಷ್ಯದ ಸೇನೆ ಯುಕ್ರೇನನ್ನು ಹೊಕ್ಕಿತು. ಜಗತ್ತಿನ ಸೂರ್ಯಕಾಂತಿ ಎಣ್ಣೆಯ ರಫ್ತಿನಲ್ಲಿ ಈ ಎರಡು ದೇಶಗಳ ಪಾಲೇ ಅರ್ಧಕ್ಕಿಂತ ಬಹಳ ಹೆಚ್ಚು. ಭಾರತವು ತನ್ನ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕೂ ಮಿಕ್ಕಿದ ಭಾಗವನ್ನು ಹೊರದೇಶಗಳಿಂದ ತರಿಸುತ್ತದೆ. ಸೂರ್ಯಕಾಂತಿ ಎಣ್ಣೆಯ ಬಹುಪಾಲು ಆಗ ಕಪ್ಪು ಸಮುದ್ರದ ಬಂದರುಗಳಿಂದಲೇ ಬರುತ್ತಿತ್ತು. ಯುಕ್ರೇನಿನ ಬಂದರುಗಳು ಮುಚ್ಚಿದವು. ಮಾರ್ಚ್ ತಿಂಗಳಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಬೆಲೆ ಸೂಚ್ಯಂಕವು ಅಲ್ಲಿಯವರೆಗಿನ ಅತ್ಯುಚ್ಚ ಮಟ್ಟವನ್ನು ಮುಟ್ಟಿತು. ಏಪ್ರಿಲ್ 28ರಿಂದ ಇಂಡೋನೇಶಿಯ ತಾಳೆ ಎಣ್ಣೆಯ ರಫ್ತನ್ನು ನಿಲ್ಲಿಸಿತು. ಅದನ್ನು ಸ್ವಾರ್ಥವೆಂದು ನಾವು ಜರೆದೆವು. ಮೇ 13ರಂದು ನಮ್ಮ ಸರಕಾರವೇ ಗೋಧಿಯ ರಫ್ತನ್ನು ನಿಷೇಧಿಸಿದಾಗ ಅದನ್ನು ಮುಂದಾಲೋಚನೆ ಎಂದು ಹೊಗಳಿದೆವು. ನಾಳೆ ಏನಾಗುವುದೋ ಎಂಬ ಭಯ ಹುಟ್ಟಿದೊಡನೆ ಇದ್ದುದನ್ನು ಬಿಗಿಹಿಡಿಯುವ ಸ್ವಭಾವ ದೇಶಗಳಿಗೂ ಮನೆಗಳಿಗೂ ಒಂದೇ. ಪರಿಗ್ರಹದ ಬೇರು ಆಸೆಯಲ್ಲಿರುವಷ್ಟೇ ಭಯದಲ್ಲಿಯೂ ಇದೆ ಎಂಬುದು ನನ್ನ ಅಭಿಪ್ರಾಯ.

ಆ ಯುದ್ಧ ಕನ್ನಡಿಗರಿಗೆ ಕೇವಲ ದೂರದ ಸುದ್ದಿಯಾಗಿರಲಿಲ್ಲ. ಮಾರ್ಚ್ 1ರಂದು ಖಾರ್ಕಿವ್ ನಗರದಲ್ಲಿ, ಆಹಾರ ಪದಾರ್ಥ ತರಲೆಂದು ಹೊರಬಂದಿದ್ದ ನಮ್ಮ ರಾಜ್ಯದ ವೈದ್ಯಕೀಯ ವಿದ್ಯಾರ್ಥಿಯೊಬ್ಬನು ದಾಳಿಗೆ ಬಲಿಯಾದನು. ಅಂಗಡಿಯಲ್ಲಿ ಕುಳಿತು ದಿನಸಿ ಮಾರುವ ನನಗೆ ಆ ಸುದ್ದಿಯನ್ನು ಸುಲಭವಾಗಿ ದಾಟಿ ಮುಂದಿನ ಪುಟಕ್ಕೆ ಹೋಗಲಾಗಲಿಲ್ಲ. ಇನ್ನೂ ಒಂದು ನಂಟನ್ನು ನೆನೆಯಬೇಕು. ಸೂರ್ಯಕಾಂತಿಯು ಎಣ್ಣೆಬೀಜದ ಬೆಳೆಯಾಗಿ ಭಾರತಕ್ಕೆ ಬಂದದ್ದು 1969ರಲ್ಲಿ, ಸೋವಿಯತ್ ಒಕ್ಕೂಟದ ತಳಿಗಳ ಮೂಲಕ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯವು 1980ರಲ್ಲಿ ಬಿ.ಎಸ್.ಎಚ್.-1 ಎಂಬ ಸಂಕರಣ ತಳಿಯನ್ನು ಕೊಟ್ಟಿತು. ರಾಯಚೂರು, ಕೊಪ್ಪಳ, ವಿಜಯಪುರ, ಬಳ್ಳಾರಿ ಸೀಮೆಯ ಎರೆಹೊಲಗಳು ಹಳದಿಯಾಗಿ ಅರಳಿದ್ದನ್ನು ನಾನು ಕಂಡಿದ್ದೇನೆ. ಮುಂದೆ ಆಮದು ಸಡಿಲವಾಯಿತು. 1997ರ ಸುಮಾರಿಗೆ ನೆಕ್ರೋಸಿಸ್ ಎಂಬ ನಂಜುರೋಗವೂ ತಗಲಿತು. ರೈತನು ಬೇರೆ ಬೆಳೆಗೆ ತಿರುಗಿದನು. ಹೊಲದಲ್ಲಿ ಬೆಳೆಯಬಹುದಾದುದನ್ನು ಹಡಗಿನ ದಾರಿ ನೋಡಿ ಕೊಳ್ಳುವ ಸ್ಥಿತಿ ಹೀಗೆ ಒದಗಿತು.

ಯುದ್ಧ ಆರಂಭವಾದಾಗ ನಮ್ಮ ಗೋದಾಮಿನಲ್ಲಿ ಹದಿನೈದು ಕಿಲೋದ ಅರವತ್ತು ಡಬ್ಬಿ ಎಣ್ಣೆ ಇತ್ತು. ಹತ್ತು ದಿನಗಳೊಳಗೆ ಪೇಟೆಯ ದರ ಡಬ್ಬಿಯೊಂದಕ್ಕೆ ಮುನ್ನೂರು ರೂಪಾಯಿಯಷ್ಟು ಏರಿತು. ಒಂದು ಬೆರಳನ್ನೂ ಅಲುಗಿಸದೆ ಹದಿನೆಂಟು ಸಾವಿರ ರೂಪಾಯಿ ನಮ್ಮದಾಗುವಂತಿತ್ತು. ಆಗ ಮಿರ್ಚಿಭಜಿಯ ಗಾಡಿ ನಡೆಸುವ ಹಳೆಯ ಗಿರಾಕಿಯೊಬ್ಬಳು ಬಂದು ಕೇಳಿದ ಪ್ರಶ್ನೆ ಇಷ್ಟೇ: "ಅಣ್ಣಾರ, ಲಡಾಯಿ ಆಗಾಕ ಹತ್ತಿದ್ದು ಅಲ್ಲಿ. ಈ ಡಬ್ಬಿ ಲಡಾಯಿಗಿಂತ ಮೊದಲs ಇಲ್ಲಿ ಬಂದದ್ದಲ್ಲೇನ್ರಿ?"

ಈ ಪ್ರಶ್ನೆಗೆ ವ್ಯಾಪಾರಶಾಸ್ತ್ರದಲ್ಲಿ ಉತ್ತರವಿಲ್ಲವೆಂದಲ್ಲ. ನನ್ನ ಮಗನು ಅದನ್ನು ಸ್ಪಷ್ಟವಾಗಿಯೇ ಮಂಡಿಸಿದನು. "ಅಪ್ಪಾ, ಹಳೇ ದರಕ್ಕೆ ಅರವತ್ತು ಡಬ್ಬಿ ಮಾರಿದರ ಬಂದ ರೊಕ್ಕದಾಗ ಐವತ್ತು-ಐವತ್ತೆರಡು ಡಬ್ಬಿ ಸುದ್ಧಾ ಬರೂದಿಲ್ಲ. ನಾಳೆ ದರ ಇಳಿದಾಗ ನಮ್ಮ ಹಾನಿ ಯಾರು ತುಂಬಿಕೊಡತಾರ?" ಎಂದನು. ಈ ಮಾತು ಲೋಭದ್ದಲ್ಲ. ಮತ್ತೆ ಕೊಳ್ಳಲು ಬೇಕಾಗುವ ಹಣವನ್ನು ಗಮನಿಸದ ಅಂಗಡಿ ಬಹುಕಾಲ ಬಾಳುವುದಿಲ್ಲ. ಅಂಗಡಿ ಮುಚ್ಚಿದರೆ ಆ ಗಿರಾಕಿಗೂ ಉಪಕಾರವಾಗುವುದಿಲ್ಲ.

ಆದರೂ ನಾನು ಕಲಿತ ಬಿ.ಕಾಂ. ವಿದ್ಯೆಯೇ ನನ್ನನ್ನು ಬೇರೆ ಕಡೆಗೆ ಎಳೆಯಿತು. ವರ್ಷಾಂತ್ಯದ ದಾಸ್ತಾನಿಗೆ ಬೆಲೆ ಕಟ್ಟುವಾಗ, ಕೊಂಡ ಬೆಲೆ ಮತ್ತು ಪೇಟೆಯ ಬೆಲೆ ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನೇ ಹಿಡಿಯಬೇಕೆಂಬುದು ಲೆಕ್ಕಶಾಸ್ತ್ರದ ಹಳೆಯ ನಿಯಮ. ಕೈಗೆ ಬಾರದ ಲಾಭವನ್ನು ಲಾಭವೆನ್ನಬಾರದು ಎಂಬುದು ಅದರ ತಾತ್ಪರ್ಯ. ಪುಸ್ತಕದಲ್ಲಿ ಇಷ್ಟು ಸಂಯಮ ತೋರುವ ನಾವು ಗಲ್ಲೆಯ ಮುಂದೆ ಅದನ್ನು ಮರೆಯುವುದೇಕೆ? ಶ್ರಮದ ಲಾಭ ಬೇರೆ, ಸಂಕಟದ ಲಾಭ ಬೇರೆ. ಸರಕನ್ನು ಆರಿಸಿ, ತರಿಸಿ, ಕಾಪಾಡಿ, ಉದ್ರಿಯ ಭಾರ ಹೊತ್ತು ಮಾರುವವನಿಗೆ ನ್ಯಾಯವಾದ ಲಾಭ ಸಲ್ಲಲೇಬೇಕು. ಎಲ್ಲಿಯೋ ಊರುಗಳು ಉರಿಯುತ್ತಿವೆ ಎಂಬ ಒಂದೇ ಕಾರಣದಿಂದ ಹುಟ್ಟಿದ ಮುನ್ನೂರು ರೂಪಾಯಿಯಲ್ಲಿ ನನ್ನ ಶ್ರಮದ ಪಾಲು ಎಷ್ಟು?

ಆ ಅರವತ್ತು ಡಬ್ಬಿಗಳನ್ನು ಮನೆಬಳಕೆಯವರಿಗೂ ಸಣ್ಣ ಗಾಡಿಯವರಿಗೂ ತಲೆಗೆ ಒಂದರಂತೆ ಹಳೆಯ ದರದಲ್ಲಿಯೇ ಕೊಟ್ಟೆವು. ಹೊಸ ದರದಲ್ಲಿ ಕೊಂಡ ಸರಕನ್ನು ಹೊಸ ದರಕ್ಕೆ ಮಾರಿದೆವು. ಪಕ್ಕದ ವ್ಯಾಪಾರಿಗಳು ನಕ್ಕರು. ಒಬ್ಬರು ಮುನಿಸಿಕೊಂಡರು ಕೂಡ. ಮೇ 23ರಂದು ಇಂಡೋನೇಶಿಯ ತನ್ನ ನಿರ್ಬಂಧವನ್ನು ತೆರವುಗೊಳಿಸಿತು; ಜೂನ್-ಜುಲೈ ಹೊತ್ತಿಗೆ ಪೇಟೆ ರಭಸದಿಂದ ಇಳಿಯಿತು. ದುಬಾರಿ ದರದಲ್ಲಿ ಕೊಂಡ ಸರಕು ನಮ್ಮಲ್ಲಿ ಉಳಿದಿತ್ತು. ಮಗನು ಹೇಳಿದಂತೆಯೇ ಆ ಹಾನಿಯನ್ನು ಯಾರೂ ತುಂಬಿಕೊಡಲಿಲ್ಲ. ಸತ್ಕಾರ್ಯಕ್ಕೆ ಕೂಡಲೇ ಪ್ರತಿಫಲ ಸಿಕ್ಕಿತೆಂಬ ಕಥೆಗಳನ್ನು ಹೇಳಿ ಓದುಗರನ್ನು ಮೆಚ್ಚಿಸುವ ಮನಸ್ಸು ನನಗಿಲ್ಲ. ಇಲ್ಲಿ ಹಾಗೆ ಆಗಲಿಲ್ಲ. ಆಮೇಲೆ ಮಗನೇ ಒಂದು ಮಧ್ಯಮ ಕ್ರಮವನ್ನು ಹುಡುಕಿದನು. ಹಳೆಯ ಮತ್ತು ಹೊಸ ಖರೀದಿಯ ಸರಾಸರಿಯ ಮೇಲೆ ಮಾರುವ ದರವನ್ನು ನಿಗದಿಪಡಿಸುವುದು. ಇದರಿಂದ ಏರುವಾಗ ನಿಧಾನವಾಗಿ ಏರುತ್ತದೆ, ಇಳಿಯುವಾಗಲೂ ನಿಧಾನವಾಗಿ ಇಳಿಯುತ್ತದೆ. ಏರಿಕೆಯಲ್ಲಿ ಗಿರಾಕಿಗೆ ನೆರಳು, ಇಳಿಕೆಯಲ್ಲಿ ವ್ಯಾಪಾರಿಗೆ ಆಸರೆ. ನಮ್ಮ ಅಂಗಡಿಯಲ್ಲಿ ಈಗ ನಡೆಯುತ್ತಿರುವುದು ಇದೇ ಕ್ರಮ.

ಈ ಪ್ರಶ್ನೆ ನಮ್ಮ ಓಣಿಯದಷ್ಟೇ ಅಲ್ಲ. 2024ರ ಸೆಪ್ಟೆಂಬರ್ 14ರಿಂದ ಕೇಂದ್ರ ಸರಕಾರವು ಕಚ್ಚಾ ಅಡುಗೆ ಎಣ್ಣೆಯ ಮೂಲ ಆಮದು ಸುಂಕವನ್ನು ಸೊನ್ನೆಯಿಂದ ಶೇಕಡಾ 20ಕ್ಕೆ ಏರಿಸಿತು. ಎಣ್ಣೆಬೀಜ ಬೆಳೆಯುವ ರೈತನ ದೃಷ್ಟಿಯಿಂದ ಅದಕ್ಕೆ ಅರ್ಥವಿತ್ತು. ಆಗ ದೇಶದಲ್ಲಿ ಕಡಿಮೆ ಸುಂಕದಲ್ಲಿ ಬಂದಿದ್ದ ಸುಮಾರು 30 ಲಕ್ಷ ಟನ್ ಎಣ್ಣೆಯ ದಾಸ್ತಾನಿತ್ತು. ಅದು ಮುಗಿಯುವವರೆಗೆ ದರ ಏರಿಸಬೇಡಿರೆಂದು ಸರಕಾರವು ಉದ್ಯಮಿಗಳಿಗೆ ಸೂಚಿಸಿತು. ಗಾಡಿಯ ಹೆಂಗಸು ಕೇಳಿದ್ದನ್ನೇ ದೆಹಲಿಯೂ ಕೇಳಿತು! ಆದರೂ ಹಬ್ಬದ ದಿನಗಳಲ್ಲಿ ದರ ಏರಿಯೇ ಏರಿತು. ಆದೇಶಕ್ಕಿಂತ ಮೊದಲು ಅಂತಃಕರಣ ಕೆಲಸ ಮಾಡದಿದ್ದರೆ ಆದೇಶ ತಡವಾಗಿಯೇ ತಲುಪುತ್ತದೆ.

ಅಳತೆಯ ವಿಷಯವೂ ಹೀಗೆಯೇ. ಎಣ್ಣೆ ಬಿಸಿಯಾದಂತೆ ಹಿಗ್ಗುತ್ತದೆ. ಒಂದು ಲೀಟರ್ ಸೋಯಾ ಎಣ್ಣೆ 21 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 919 ಗ್ರಾಂ ತೂಗಿದರೆ 60 ಡಿಗ್ರಿಯಲ್ಲಿ ಸುಮಾರು 893 ಗ್ರಾಂ ಮಾತ್ರ ತೂಗುತ್ತದೆ. ಪೊಟ್ಟಣದ ಮೇಲೆ ಸಣ್ಣ ಅಕ್ಷರದಲ್ಲಿ ಹೆಚ್ಚಿನ ಉಷ್ಣತೆಯನ್ನು ನಮೂದಿಸಿ ಲೀಟರ್ ಎಂದು ಮಾರಿದರೆ, ಬರಹ ಸುಳ್ಳಲ್ಲ, ಆದರೆ ಕೊಂಡವನಿಗೆ 26 ಗ್ರಾಂ ಖೋತಾ. ಉಷ್ಣತೆಯನ್ನು ನಮೂದಿಸದೆ, ಪ್ರಮಾಣದೊಡನೆ ತೂಕವನ್ನೂ ಮುದ್ರಿಸಬೇಕೆಂದು ಗ್ರಾಹಕ ವ್ಯವಹಾರಗಳ ಇಲಾಖೆಯು 2022ರ ಆಗಸ್ಟಿನಲ್ಲಿ ಸೂಚಿಸಿ, ತಿದ್ದಿಕೊಳ್ಳಲು 2023ರ ಜನವರಿ 15ರವರೆಗೆ ಕಾಲಾವಕಾಶ ಕೊಟ್ಟಿತು. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಹೀನಾಧಿಕಮಾನೋನ್ಮಾನವನ್ನು ಸೇರಿಸಿದ ನಮ್ಮ ಆಚಾರ್ಯರು ಉಷ್ಣಮಾಪಕವನ್ನು ಕಂಡವರಲ್ಲ. ವ್ಯಾಪಾರಿಯ ಮನಸ್ಸನ್ನು ಬಲ್ಲವರು.

ಬಸದಿಗಳ ವಿಶ್ವಸ್ತರಲ್ಲಿಯೂ ಒಂದು ವಿನಂತಿ. ಬೆಲೆ ಏರುವ ವದಂತಿ ಹಬ್ಬಿದೊಡನೆ ಪೂಜಾ ಮಹೋತ್ಸವದ ಸಂತರ್ಪಣೆಗೆಂದು ಆರು ತಿಂಗಳ ಎಣ್ಣೆ, ಬೇಳೆಯನ್ನು ಮುಂಗಡವಾಗಿ ಕೂಡಿಡುವ ಪದ್ಧತಿ ಕೆಲವೆಡೆ ಇದೆ. ಉದ್ದೇಶ ಪುಣ್ಯದ್ದೇ. ಆದರೆ ಅಭಾವದ ವಾರದಲ್ಲಿ ನಲವತ್ತು ಡಬ್ಬಿಗಳು ಒಂದೇ ಉಗ್ರಾಣ ಸೇರಿದರೆ ನಲವತ್ತು ಮನೆಗಳ ಒಗ್ಗರಣೆಯ ಸೌಟು ಬರಿದಾಗುತ್ತದೆ. 2022ರಲ್ಲಿ ಸರಕಾರ ವಿಧಿಸಿದ ಮಿತಿಯ ಪ್ರಕಾರ ಚಿಲ್ಲರೆ ವ್ಯಾಪಾರಿಯು 30 ಕ್ವಿಂಟಾಲ್ ಎಣ್ಣೆಯನ್ನು ಇಟ್ಟುಕೊಳ್ಳಬಹುದಿತ್ತು. ನಮ್ಮ ಅರವತ್ತು ಡಬ್ಬಿ ಒಂಬತ್ತು ಕ್ವಿಂಟಾಲ್ ಅಷ್ಟೇ. ಕಾನೂನು ಎಳೆಯುವ ಗೆರೆ ಎಲ್ಲರಿಗೂ ಒಂದೇ, ಅದು ಹೊರಗಿನದು. ಪರಿಗ್ರಹ ಪರಿಮಾಣದ ಗೆರೆಯನ್ನಾದರೋ ಶ್ರಾವಕನು ತನಗೆ ತಾನೇ ಎಳೆದುಕೊಳ್ಳಬೇಕು, ಅದೂ ಬೆಲೆ ಏರುವ ಮೊದಲೇ. ಏರಿದ ಮೇಲೆ ಕೈ ನಡುಗುತ್ತದೆ.

ಯುದ್ಧವನ್ನು ನಿಲ್ಲಿಸುವ ಶಕ್ತಿ ನಮ್ಮಲ್ಲಿ ಯಾರಿಗೂ ಇಲ್ಲ. ಆದರೆ ಯುದ್ಧದ ಒಂದು ಚೂರು ಪ್ರತಿ ಊರಿನ ಅಂಗಡಿಗೂ ದರಪಟ್ಟಿಯ ರೂಪದಲ್ಲಿ ಬಂದೇ ಬರುತ್ತದೆ. ಅದನ್ನು ಇದ್ದಂತೆಯೇ ಗಿರಾಕಿಗೆ ದಾಟಿಸಬೇಕೋ, ಇನ್ನಷ್ಟು ಹಿಗ್ಗಿಸಿ ದಾಟಿಸಬೇಕೋ, ಒಂದು ಪಾಲನ್ನು ನಾವೇ ಹೊರಬೇಕೋ ಎಂಬುದಷ್ಟೇ ನಮ್ಮ ಕೈಯಲ್ಲಿರುವುದು. ಪತ್ರಿಕೆಯಲ್ಲಿ ಮುಂದಿನ ಯುದ್ಧದ ಸುದ್ದಿ ಬಂದ ದಿನ, ಗೋದಾಮಿನ ಬೀಗ ತೆಗೆಯುವ ಮುನ್ನ ಪ್ರತಿಯೊಬ್ಬ ವ್ಯಾಪಾರಿಯೂ ಈ ಲೆಕ್ಕವನ್ನು ಮನೆಯವರೊಡನೆ ಕುಳಿತು ಒಮ್ಮೆ ಮಾಡಲಿ.